ಇಂಗ್ಲೆಂಡಿನಲ್ಲಿ ಎಡಿಎಚ್‌ಡಿ: ಜಿಪಿ ಬಾಗಿಲಿನಿಂದ ಮಾತ್ರೆ ಡಬ್ಬಿವರೆಗೆ

"ಹುಡುಗರು ಅಂದಮೇಲೆ ತುಂಟತನ ಇದ್ದದ್ದೇ, ನಿಮ್ಮಪ್ಪನೂ ಹಾಗೇ ಇದ್ದ" ಎಂದು ಊರಿನಿಂದ ಅಜ್ಜಿ ಫೋನಿನಲ್ಲಿ ನಗುತ್ತಾರೆ. ಅಜ್ಜಿಯ ಎರಡನೇ ಮಾತನ್ನು ತಳ್ಳಿಹಾಕಬೇಡಿ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಚಟುವಟಿಕೆ) ಬಹುಮಟ್ಟಿಗೆ ವಂಶಪಾರಂಪರ್ಯ. ಮಗುವಿನ ತಪಾಸಣೆಯ ಪ್ರಶ್ನಾವಳಿ ತುಂಬುತ್ತಾ ಅಪ್ಪನಿಗೇ 'ಇದು ನನ್ನ ಕಥೆಯಲ್ಲವೇ' ಅನ್ನಿಸುವುದುಂಟು. ಹೆಣ್ಣುಮಕ್ಕಳಲ್ಲಿ ಕುಣಿದಾಟ ಕಡಿಮೆ. ಕಿಟಕಿಯಾಚೆ ನೋಡುತ್ತಾ ಕೂತವಳನ್ನು 'ಸೌಮ್ಯ ಸ್ವಭಾವ' ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ.

ಶಾಲೆಯಲ್ಲಿ ಮೊದಲು ಸೆನ್ಕೋ ಎಂಬ, ವಿಶೇಷ ನೆರವು ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರನ್ನು ಕಾಣಿ. ಕಲಿಕೆಯಲ್ಲಿ ನೆರವು ಕೊಡಲು ರೋಗನಿರ್ಣಯದ ಕಾಗದ ಬರಲೇಬೇಕೆಂದಿಲ್ಲ.

ಆ ಕಾಗದಕ್ಕೆ ದಾರಿ ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರು. ಹಲವೆಡೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಸರದಿ ವರ್ಷಗಟ್ಟಲೆ. ಹಾಗಾಗಿ 'ರೈಟ್ ಟು ಚೂಸ್' ಎಂಬ ಮೂರು ಪದ ನೆನಪಿರಲಿ: ಜಿಪಿ ಶಿಫಾರಸು ಮಾಡಿದರೆ, ಎನ್‌ಎಚ್‌ಎಸ್ ಒಪ್ಪಂದವಿರುವ ಬೇರೆ ಸಂಸ್ಥೆಯನ್ನು ನೀವೇ ಆರಿಸಬಹುದು, ಶುಲ್ಕವಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಈ ಹಕ್ಕು ಇಲ್ಲ. ಕೈಯಿಂದ ದುಡ್ಡು ಕೊಟ್ಟು ಖಾಸಗಿಗೆ ಹೋಗುವವರು ಮಾತ್ರ ಮೊದಲೇ ಜಿಪಿಯನ್ನು ಕೇಳಿ: ಮುಂದೆ 'ಶೇರ್ಡ್ ಕೇರ್' (ಖಾಸಗಿ ತಜ್ಞರೊಂದಿಗೆ ಹೊಣೆ ಹಂಚಿಕೊಳ್ಳುವುದು) ಒಪ್ಪಿ ಮಾತ್ರೆ ಬರೆದುಕೊಡುತ್ತೀರಾ? ಒಪ್ಪಲೇಬೇಕೆಂಬ ಕಟ್ಟಳೆ ಅವರಿಗಿಲ್ಲ. ಒಪ್ಪದಿದ್ದರೆ ತಿಂಗಳು ತಿಂಗಳೂ ಜೇಬಿಗೇ ಕತ್ತರಿ.

ಎಡಿಎಚ್‌ಡಿ ಮಾತ್ರೆಗಳಾದ ಮೀಥೈಲ್‌ಫೆನಿಡೇಟ್, ಲಿಸ್‌ಡೆಕ್ಸಾಂಫೆಟಮಿನ್ ಇಲ್ಲಿ 'ಕ್ಲಾಸ್ ಬಿ' ನಿಯಂತ್ರಿತ ಔಷಧಗಳು. ಶುರುಮಾಡುವ ಮುನ್ನ ನಾಡಿ, ರಕ್ತದೊತ್ತಡ ನೋಡುತ್ತಾರೆ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡವರಿದ್ದರೆ ಮುಚ್ಚಿಡಬೇಡಿ. ಡಬ್ಬಿ ಬೀಗದಲ್ಲಿರಲಿ. ಪರೀಕ್ಷೆ ಹತ್ತಿರ ಬಂತೆಂದು ಅಣ್ಣನ ಮಾತ್ರೆ ತಂಗಿಗೆ ಕೊಡುವುದು ಅಪಾಯ ಮಾತ್ರವಲ್ಲ, ಅಪರಾಧ. ಊರಿಗೆ ಒಯ್ಯುವಾಗ ವೈದ್ಯರ ಪತ್ರ ಕೈಯಲ್ಲಿರಲಿ. ಮೀಥೈಲ್‌ಫೆನಿಡೇಟ್‌ನಂಥ ಔಷಧ ಭಾರತದ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಟಿಕೆಟ್ ತೆಗೆಯುವ ಮೊದಲೇ ಭಾರತೀಯ ಹೈಕಮಿಷನ್ನಿನಲ್ಲಿ ವಿಚಾರಿಸಿ.

ಕಾರು ಓಡಿಸುವವರು ಗಮನಿಸಿ. ಎಡಿಎಚ್‌ಡಿಯಾಗಲಿ ಅದರ ಔಷಧವಾಗಲಿ ಚಾಲನೆಯ ಸುರಕ್ಷತೆಗೆ ತೊಡಕಾದರೆ ಚಾಲನಾ ಪರವಾನಗಿ ಕೊಡುವ ಡಿವಿಎಲ್‌ಎಗೆ ತಿಳಿಸಲೇಬೇಕು. ತಿಳಿಸದಿದ್ದರೆ 1,000 ಪೌಂಡ್‌ವರೆಗೆ ದಂಡ. ಚಾಲಕರ ರಕ್ತದಲ್ಲಿ ಆಂಫೆಟಮಿನ್ ಎಷ್ಟಿರಬಹುದೆಂಬ ಕಾನೂನಿನ ಮಿತಿಯೂ ಇದೆ, ಪ್ರಿಸ್ಕ್ರಿಪ್ಷನ್ ಪ್ರತಿ ಕಾರಿನಲ್ಲಿರಲಿ.

ಮನೆಯಲ್ಲಿ? ಒಲೆ ಮೇಲೆ ಹಾಲಿಟ್ಟು ಮರೆಯುವವರಿಗೆ ಬೈಗುಳಕ್ಕಿಂತ ಟೈಮರ್ ವಾಸಿ. ಸದಾ ಬೈಸಿಕೊಂಡು ಬೆಳೆದವರು ಒಳಗೊಳಗೇ ಕುಸಿಯುತ್ತಾರೆ. 'ಬದುಕೇ ಬೇಡ' ಎಂಬ ಮಾತು ಬಂದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆಮಾಡಿ 2 ಒತ್ತಿ, ರಾತ್ರಿಯಾದರೂ ಸರಿ. ಜೀವಕ್ಕೇ ಅಪಾಯವಿದ್ದರೆ ತುರ್ತು ಸೇವೆಯ 999. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕೆಂದು ಕೇಳಿ, ಕೊಡುತ್ತಾರೆ.