ಪರ್ಷಿಯನ್ ಲೋಹದ ಪ್ರಾಣಿಗೊಂಬೆ: ಮುಖ ಬಿಡಿ, ಗೆರೆ ನೋಡಿ

ಇರಾನಿನ ಹಳೇ ಸಿಂಹಾನೋ ನವಿಲೋ ಕಣ್ಣಿಗೆ ಬಿದ್ರೆ ಎಲ್ರೂ ಅದರ ಮುಖಾನೇ ನೋಡ್ತಾ ನಿಂತುಬಿಡ್ತಾರೆ. ಅಸಲಿಯೋ ನಕಲೋ ತಿಳೀಬೇಕಂದ್ರೆ ನೀವು ಮೊದ್ಲು ಮೈಮೇಲೆ ಕೆತ್ತಿದ ಗೆರೆ ನೋಡಿ. ಆಕಾರಾನ ಅಚ್ಚು ತೆಗೆದು ಎರಕ ಹೊಯ್ದು ನಕಲು ಮಾಡೋದು ಸುಲಭ, ಉಳಿ ಓಡಿಸೋದು ಹಾಗಲ್ಲ.

ಭೂತಗನ್ನಡಿ ತಗೊಂಡು ಟಾರ್ಚ್ ಬೆಳಕು ಪಕ್ಕದಿಂದ ಬೀಳೋ ಥರ ಹಿಡೀರಿ. ಕೈಲಿ ಕೆತ್ತಿದ ಗೆರೆ ಒಂದು ಕಡೆ ಆಳ, ಇನ್ನೊಂದು ಕಡೆ ತೆಳು, ತಿರುವು ಬಂದಲ್ಲಿ ಏಟು ಏಟಾಗಿ ಮುರಿದಿರುತ್ತೆ. ಗೆರೆ ಸಮೇತ ಎರಕ ಹೊಯ್ದಿದ್ರೆ ಅಂಚೆಲ್ಲ ಮೊಂಡು, ಬಳಸಿದ ಸೋಪಿನ ಮೇಲಿನ ಅಕ್ಷರ ಇದ್ದ ಹಾಗೆ. ಆಸಿಡ್ ಹಾಕಿ ತಿನ್ನಿಸಿದ್ರೆ ಎಲ್ಲ ಕಡೆ ಒಂದೇ ಆಳ, ತಳ ಸಪಾಟು. ಆದ್ರೆ ಹಳೇದು ಸವೆದೂ ಮೊಂಡಾಗಿರುತ್ತೆ, ಅದಕ್ಕೆ ಕೈ ತಾಗದ ಸಂದಿಯೊಳಗೆ, ಕಾಲಿನ ಒಳಭಾಗ ಕುತ್ತಿಗೆ ಕೆಳಗೆ ಎಲ್ಲಾ ಹುಡುಕಿ ನೋಡಿ.

ಆಮೇಲೆ ಇದು ಯಾವ ಕೆಲಸಕ್ಕೆ ಮಾಡಿದ್ದು ಅಂತ ಕೇಳ್ಕೊಳ್ಳಿ, ಯಾಕಂದ್ರೆ ಸೆಲ್ಜುಕ್ (ಹಿಂದೆ ಇರಾನ್ ಆಳಿದ ಒಂದು ತುರ್ಕಿ ರಾಜವಂಶ) ಕಾಲದ ಈ ಪ್ರಾಣಿಗಳಲ್ಲಿ ಸುಮಾರು ಬರೀ ಶೋಗೆ ಇದ್ದವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಲ್ಲಿ 1181-82ರ ಒಂದು ಕಂಚಿನ ಸಿಂಹ ಇದೆ, 85 ಸೆಂ.ಮೀ. ಎತ್ತರ, ಅದು ಧೂಪ ಹಾಕೋ ಪಾತ್ರೆ! ತಲೆ ತೆಗೆದು ಒಳಗೆ ಕೆಂಡ ಧೂಪ ಇಡೋದು, ಮೈತುಂಬಾ ಇರೋ ಜಾಲರಿ ತೂತಿಂದ ಹೊಗೆ ಬರುತ್ತೆ, ಮಾಡಿದವನು ಜಾಫರ್ ಇಬ್ನ್ ಮುಹಮ್ಮದ್ ಅಂತ ಅದರ ಮೇಲೇ ಅರಬ್ಬೀಲಿ ಕೆತ್ತಿದೆ. ರಷ್ಯಾದ ಹರ್ಮಿಟೇಜ್ ಮ್ಯೂಸಿಯಮ್ಮಲ್ಲಿ ಇರೋ 1206ರ ಹಸು ನೀರು ಸುರಿಯೋ ಪಾತ್ರೆ, ಕೆಳಗೆ ಕರು ಹಾಲು ಕುಡೀತಿದೆ, ಬೆನ್ನ ಮೇಲೆ ಸಿಂಹ ಕಚ್ಕೊಂಡು ಕೂತಿದೆ, ಮೂರನ್ನೂ ಒಟ್ಟಿಗೇ ಎರಕ ಹೊಯ್ದಿದ್ದು ಅಂತ ಬರೆದೂ ಇಟ್ಟಿದ್ದಾರೆ. ನನಗಂತೂ ಆ ಜಂಬ ಭಾರೀ ಇಷ್ಟ.

ಈಗ ಮ್ಯಾಗ್ನೆಟ್ ಹಿಡೀರಿ. ಅಂಟಿದ್ರೆ ಉಕ್ಕು ಇರಬಹುದು, 19ನೇ ಶತಮಾನದಲ್ಲಿ, ಇರಾನನ್ನ ಕಾಜಾರ್ ರಾಜವಂಶ ಆಳ್ತಿದ್ದ ಕಾಲದಲ್ಲಿ, ನವಿಲು, ಬೆಕ್ಕು, ಜಿಂಕೆ ಎಲ್ಲ ಉಕ್ಕಲ್ಲೇ ಮಾಡ್ತಿದ್ರು, ಮೇಲೆ ಚಿನ್ನದ ಕುಸುರಿ. ಉಕ್ಕನ್ನ ಅಡ್ಡಡ್ಡ ಗೀರಿ ಒರಟು ಮಾಡಿ ಅದರ ಮೇಲೆ ಚಿನ್ನದ ತಂತಿ ಬಡಿದು ಕೂರಿಸೋದು, ಹಾಗಾಗಿ ಚಿನ್ನ ಎದ್ದುಹೋದ ಜಾಗದಲ್ಲಿ ಆ ಗೀರು ಕಾಣಬೇಕು. ಗೀರಿಲ್ಲ, ಬರೀ ಹಳದಿ ಬಣ್ಣ ಉದುರಿದೆ ಅಂದ್ರೆ ಅನುಮಾನ ಪಡಿ.

ಹೊಟ್ಟೆಯೊಳಗಿನ ಕಪ್ಪು ನೋಡಿ ಹಳೇದು ಅಂತ ತೀರ್ಮಾನ ಮಾಡ್ಬೇಡಿ. ಇರಾನಿನ ಇಸ್ಫಹಾನ್ ಊರಿನ ಕಲಂಜನಿ (ಉಳಿಯಿಂದ ಲೋಹದ ಮೇಲೆ ಕೆತ್ತೋದು) ಕೆಲಸದವರು ಇವತ್ತಿಗೂ ಟೊಳ್ಳು ಪಾತ್ರೆ ಒಳಗೆ ಕರಗಿಸಿದ ಡಾಂಬರಿನಂಥ ಅಂಟು ತುಂಬಿ, ಏಟಿಗೆ ತಗಡು ಕುಸೀದಂಗೆ ಮಾಡ್ಕೊಂಡೇ ಉಳಿ ಹಿಡಿಯೋದು, ಅದರ ಚೂರು ಒಳಗೆ ಉಳಿದಿರಬಹುದು.

ಇನ್ನು ಪಾಲಿಶ್ ಹಚ್ಚಿ ಫಳಫಳ ಮಾಡೋ ಆಸೆ ಬರುತ್ತೆ, ದಯವಿಟ್ಟು ಬೇಡ. ಒಣ ಮೆತ್ತನೆ ಬ್ರಶ್ಶಲ್ಲಿ ಧೂಳು ತೆಗೆದ್ರೆ ಸಾಕು, ಉಜ್ಜಿದ್ರೆ ಮೊದ್ಲು ಹೋಗೋದೇ ಚಿನ್ನ.