ಕಾಯರ್ದಶಿರ್ ಆದ ಕಾರ್ಯದರ್ಶಿ

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷೀನ್. ಅರ್ಜಿ, ಅಫಿಡವಿಟ್, ಮದುವೆ ಕಾರ್ಡು, ಜಾತ್ರೆ ಕರಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371ಜೆ ಸರ್ಟಿಫಿಕೇಟಿನ ಕಾಗದ, ಎಲ್ಲವೂ ಇಲ್ಲಿಗೇ ಬರುತ್ತವೆ. ಅರ್ಜಿ ಕರೆದ ವಾರದಲ್ಲಿ ಬೆರಳಿಗೆ ಬಿಡುವೇ ಇರುವುದಿಲ್ಲ.

ನಾನು ಕಲಿತಿದ್ದು ಟೈಪ್‌ರೈಟರಿನ ಮೇಲೆ. ಅದರಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಕಟ್ಟಬೇಕಿತ್ತು. ಮೊದಲು ಮೈ, ಆಮೇಲೆ ಕೊಂಬು, ಆಮೇಲೆ ಒತ್ತು. ಕೈಯಲ್ಲಿ ಬರೆಯುವ ಹಾಗೆಯೇ. ಕಂಪ್ಯೂಟರಿಗೆ ಬಂದಾಗ ನನಗೆ ಕಷ್ಟವಾಗಿದ್ದು ಮಷೀನಲ್ಲ, ಈ ಅಭ್ಯಾಸ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿದ್ದ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅಲ್ಲಿ ಅಕ್ಷರ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಬೆಲೆಯಿಲ್ಲ, ಬಾಯಲ್ಲಿ ಹೇಗೆ ಬರುತ್ತದೆ ಅನ್ನುವುದಕ್ಕೆ ಬೆಲೆ. ಕೊಪ್ಪಳ ಅಂತ ಹೊಡೆಯಬೇಕಾದರೆ ಕೆ, ಓ, ಪಿ, ಎಫ್, ಪಿ, ಕೊನೆಗೆ ಶಿಫ್ಟ್ ಹಿಡಿದು ಎಲ್. ಆರೇ ಏಟು. ನಡುವಿನ ಎಫ್ ಅಂದರೆ ಎರಡು ಪ ಸೇರಿಸುವ ಗಂಟು. ಮೊದಮೊದಲು ಈ ಗಂಟನ್ನೇ ಮರೆತು ‘ಕೊಪಪಳ’ ಅಂತ ಹೊಡೆಯುತ್ತಿದ್ದೆ. ಆಮೇಲೆ ಆ ಕೀಲಿಗೆ ಮನೆಯವಳ ಟಿಕಳಿ ಅಂಟಿಸಿದೆ. ಒಂದು ತಿಂಗಳಲ್ಲಿ ಟಿಕಳಿ ಉದುರಿ ಹೋಯಿತು. ಅಷ್ಟರಲ್ಲಿ ಬೆರಳಿಗೆ ದಾರಿ ಗೊತ್ತಾಗಿತ್ತು.

ಅಭ್ಯಾಸಕ್ಕೆ ಪುಸ್ತಕ ಇಟ್ಟುಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನ ಬೋರ್ಡುಗಳೇ ಸಾಕಾದವು. ಕುಷ್ಟಗಿ, ಕುಕನೂರು, ಕಾರಟಗಿ, ಕನಕಗಿರಿ, ಯಲಬುರ್ಗಾ. ಯಲಬುರ್ಗಾದಲ್ಲಿ ಒಂದು ಪಾಠವೇ ಇದೆ. ಕೈಯಲ್ಲಿ ಬರೆಯುವಾಗ ಮೊದಲು ಗಾ ಬರೆದು ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತೇವೆ. ಬಾಯಲ್ಲಿ ಹೇಳುವಾಗ ಮೊದಲು ಬರುವುದು ರ್. ಈ ಒಂದು ಅರ್ಕಾವತ್ತು ಮುಂದೆ ನನ್ನ ಮಾನ ಕಳೆಯಿತು ನೋಡಿ.

ಆಗ ನಾವು ಬಳಸುತ್ತಿದ್ದ ನುಡಿ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಫೈಲಿನ ಒಳಗೆ ಕನ್ನಡ ಇರಲಿಲ್ಲ. ಒಳಗಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆ. ಫಾಂಟು ಅವಕ್ಕೆ ಕನ್ನಡದ ಅಂಗಿ ತೊಡಿಸುತ್ತಿತ್ತು, ಅಷ್ಟೇ. ಪೆನ್ ಡ್ರೈವಿನಲ್ಲಿ ಬೇರೆ ಕಡೆ ಒಯ್ದು, ಅಲ್ಲಿ ಆ ಫಾಂಟು ಇಲ್ಲದಿದ್ದರೆ ಅಂಗಿ ಕಳಚುತ್ತಿತ್ತು. ‘ಕೊಪ್ಪಳ’ ಇದ್ದ ಜಾಗದಲ್ಲಿ ಒಂದು ಪಿ, ತಲೆ ಮೇಲೆ ಗೀಟಿರುವ ಇ, ಜಪಾನಿನ ಯೆನ್ ಗುರುತು, ಕಾಲು ಅಂತ ತೋರಿಸುವ ಭಿನ್ನರಾಶಿ. ನಮ್ಮೂರ ಹೆಸರೊಳಗೆ ಜಪಾನಿನ ದುಡ್ಡು! ಹೀಗೆ ಮಾಡಿಟ್ಟ ಫೈಲಿನಲ್ಲಿ ಒಂದು ಹೆಸರು ಹುಡುಕಬೇಕು ಅಂದರೆ ಸುಸ್ತು. ಮೊಬೈಲಿಗೆ ಕಾಪಿ ಮಾಡಿದರೆ ಬರೀ ಕಸ.

ಗಿರಾಕಿಗಳು ವಾಟ್ಸಾಪಿನಲ್ಲೇ ಮ್ಯಾಟರ್ ಕಳಿಸಲು ಶುರು ಮಾಡಿದ ಮೇಲೆ ನಾನೂ ಯೂನಿಕೋಡಿಗೆ ಬಂದೆ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ನಂಬರ್ ಇದೆ, ಫಾಂಟು ಬದಲಾದರೂ ಅಕ್ಷರ ಅಕ್ಷರವೇ. ಕೀಲಿಮಣೆ ಹಳೆಯದೇ, ಹಾಗಾಗಿ ಬೆರಳಿಗೆ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಹಳೆಯ ಫೈಲುಗಳಿಂದ. ಒಂದು ಜಾತ್ರೆ ಸಮಿತಿಯ ಹಿಂದಿನ ವರ್ಷದ ಕರಪತ್ರವನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಿ, ತಾರೀಕು ಬದಲಿಸಿ, ಅವಸರದಲ್ಲಿ ಪ್ರಿಂಟಿಗೆ ಕಳಿಸಿಬಿಟ್ಟೆ. ಮರುದಿನ ಸಮಿತಿಯವರೊಬ್ಬರು ಕಾಗದ ಹಿಡಿದು ಬಂದರು.

“ಏನ್ರೀ, ನನ್ನ ಹೆಸ್ರೇನೋ ಸರಿ ಐತಿ. ಈ ‘ಕಾಯರ್ದಶಿರ್’ ಅಂದ್ರ ಯಾವ ದೇಶದ ಹುದ್ದೆರೀ?”

ಕಾರ್ಯದರ್ಶಿ ಹೋಗಿ ಕಾಯರ್ದಶಿರ್ ಆಗಿದ್ದರು. ಕರ್ನಾಟಕ ‘ಕನಾರ್ಟಕ’ ಆಗಿತ್ತು, ವರ್ಷ ‘ವಷರ್’ ಆಗಿತ್ತು. ಕಾರಣ ಅದೇ ಅರ್ಕಾವತ್ತು. ಹಳೆಯ ಫೈಲಿನಲ್ಲಿ ಅದು ಕಣ್ಣಿನ ಕ್ರಮದಲ್ಲಿ ಕೂತಿರುತ್ತದೆ, ಅಂದರೆ ಅಕ್ಷರ ಆದ ಮೇಲೆ. ಯೂನಿಕೋಡಿನಲ್ಲಿ ಬಾಯಿಯ ಕ್ರಮ, ಅಕ್ಷರಕ್ಕಿಂತ ಮೊದಲು. ನಾನು ಬಳಸಿದ ಕನ್ವರ್ಟರ್ ಅದನ್ನು ಎತ್ತಿ ಅಕ್ಷರಕ್ಕಿಂತ ಮೊದಲು ಕೂರಿಸದೆ, ಇದ್ದಲ್ಲೇ ಬಿಟ್ಟಿತ್ತು. ಓದಿ ನೋಡದ ತಪ್ಪು ನನ್ನದು. ಅಷ್ಟೂ ಕರಪತ್ರ ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ.

ಅವತ್ತಿನಿಂದ ಕನ್ವರ್ಟ್ ಮಾಡಿದ ಯಾವ ಫೈಲಾದರೂ ಮೊದಲು ‘ರ್’ ಹುಡುಕಿ ಒಂದೊಂದನ್ನೂ ಬಾಯಲ್ಲಿ ಓದುತ್ತೇನೆ. ಆಮೇಲೆ ಸೊನ್ನೆ. ಗಂಗಾವತಿಯ ಗಂ ನಲ್ಲಿರುವ ಸೊನ್ನೆ ಬೇರೆ, ಲೆಕ್ಕದ ಸೊನ್ನೆ ಬೇರೆ. ಕಣ್ಣಿಗೆ ಎರಡೂ ಒಂದೇ. ಎಷ್ಟೋ ಜನ ಅಂಕಿಯ ಸೊನ್ನೆಯನ್ನೇ ಹಾಕಿ ಗಂಗಾವತಿ ಬರೆದಿರುತ್ತಾರೆ. ಪ್ರಿಂಟಿನಲ್ಲಿ ಚೆಂದವೇ ಕಾಣುತ್ತದೆ, ಆದರೆ ಹುಡುಕಿದರೆ ಊರೇ ಸಿಗುವುದಿಲ್ಲ. ಒಮ್ಮೆ ಎಲ್ಲಾ ಸೊನ್ನೆಗಳನ್ನೂ ಒಂದೇ ಏಟಿಗೆ ಬದಲಿಸಲು ಹೋಗಿ ದೇಣಿಗೆ ಪಟ್ಟಿಯ ಅಂಕಿಗಳೂ ಕೆಟ್ಟವು. ಯಾರೂ ಗಮನಿಸಲಿಲ್ಲ ಅನ್ನೋದೇ ಪುಣ್ಯ.

ಈಗ ರಜೆ ದಿನ ಅಕ್ಕನ ಮಗಳು ಅಂಗಡಿಗೆ ಬರುತ್ತಾಳೆ. ಹತ್ತನೇ ಕ್ಲಾಸು. ಮೊಬೈಲಿನಲ್ಲಿ ನನಗಿಂತ ಜೋರು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾಳೆ, ಅದು ಕನ್ನಡ ಮಾಡಿ ಕೊಡುತ್ತದೆ, ಬೇಕಾದ ಪದ ಒತ್ತುತ್ತಾಳೆ. ಒಂದಿನ ಅಂಗಡಿಯ ಕೀಲಿಮಣೆ ಮುಂದೆ ಕೂರಿಸಿ ‘ಧನಸಹಾಯ’ ಹೊಡಿ ಅಂದೆ. ‘ದನಸಹಾಯ’ ಬಂತು. ಮೊಬೈಲು ಅಲ್ಲಿವರೆಗೆ ಅವಳ ಪರವಾಗಿ ಆರಿಸಿ ಕೊಡುತ್ತಿತ್ತು. ಇಲ್ಲಿ ಆರಿಸುವವಳು ಅವಳೇ.

“ಮಾಮಾ, ಎರಡಕ್ಕೂ ಡಿ ಅಲ್ಲೇನು?”

“ಹೊಟ್ಟೆ ಸೀಳಬೇಕಂದ್ರ ಶಿಫ್ಟ್ ಹಿಡಿಬೇಕವ್ವಾ.”

ನಕ್ಕಳು, ಆದರೆ ಹಿಡಿದುಕೊಂಡಳು. ಬ ಭ, ಪ ಫ, ದ ಧ. ಶಿಫ್ಟ್ ಅಂದರೆ ಹೊಟ್ಟೆ ಸೀಳುವ ಕೀಲಿ ಅಂತ ಈಗ ತನ್ನ ಗೆಳತಿಯರಿಗೂ ಹೇಳಿದ್ದಾಳೆ. ಖ, ಝ ದ ಹೊಟ್ಟೆಯಲ್ಲಿ ಸೀಳೇ ಇಲ್ಲವಲ್ಲ ಅಂತ ಒಬ್ಬಳು ಕೇಳಿದಳಂತೆ. ಸರಿಯಾದ ಪ್ರಶ್ನೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯ ಗೂಗಲ್‌ನಿಂದ ಕನ್ನಡಕ್ಕೆ 2017ರಲ್ಲಿ ಬಂತು. ಓದು ಬರಹ ಬಾರದ ನಮ್ಮ ಓಣಿಯ ಹಿರಿಯರೂ ಫೋನಿಗೆ ಹೇಳಿ ಹುಡುಕಿಸುತ್ತಾರೆ. ಆದರೆ “ಹೋಗ್ಯಾನ”, “ಬಂದಾಳ” ಅಂದರೆ ಅದು ಸುಮ್ನೆ ಏನೇನೋ ಬರೆದುಕೊಳ್ಳುತ್ತದೆ. ಅದಕ್ಕೋಸ್ಕರ ನಮ್ಮವರು ಫೋನಿನ ಮುಂದೆ ಮಾತ್ರ ಪುಸ್ತಕದ ಕನ್ನಡ ಮಾತಾಡುವುದನ್ನು ನೋಡಬೇಕು.

ಎಲ್ಲಕ್ಕಿಂತ ಜಾಸ್ತಿ ಕಾಟ ಹೆಸರುಗಳದ್ದು. ಹುಲಿಗಿ ಊರಿನ ದೇವಿ ಅಮ್ಮನ ಹೆಸರಿಟ್ಟುಕೊಂಡವರು ನಮ್ಮ ಕಡೆ ಮನೆಗೊಬ್ಬರು. ಹೋದ ತಿಂಗಳು ಬಂದ ಅಜ್ಜಿಯ ಆಧಾರಿನಲ್ಲಿ ‘ಹುಲಿಗೆಮ್ಮ’, ಪಹಣಿಯಲ್ಲಿ ‘ಹುಲಗೆಮ್ಮ’. ಹೆಸರೇನವ್ವ ಅಂದರೆ “ಹುಲಿಗೆವ್ವ” ಅಂದಳು. ಯಾರೋ ಒಬ್ಬರು ಒಂದು ಗುಡಿಸು ಬಿಟ್ಟಿದ್ದಾರೆ, ಅಷ್ಟೇ. ಮನುಷ್ಯರಿಗೆ ಅದು ಒಂದೇ ಹೆಸರು. ಕಂಪ್ಯೂಟರಿಗೆ ಮೂವರು ಹೆಂಗಸರು. ಹೆಸರಿನ ಕಾಟ ಅಕ್ಷರಗಳಿಗೂ ತಪ್ಪಿಲ್ಲ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲೇ ತಪ್ಪಾಗಿ ‘ಫ’ ಅಂತ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವ ಹಾಗಿಲ್ಲ ಅನ್ನುವುದು ಅಲ್ಲಿನ ನಿಯಮ, ಅದಕ್ಕೆ ಪಕ್ಕದಲ್ಲಿ ಸರಿ ಹೆಸರನ್ನೂ ಬರೆದಿಟ್ಟಿದ್ದಾರೆ.

ನಾವೂ ಅಜ್ಜಿಗೆ ಅದನ್ನೇ ಮಾಡಿದೆವು. ಮೂರೂ ಹೆಸರಿನ ವ್ಯಕ್ತಿ ನಾನೇ ಅಂತ ಒಂದು ಅಫಿಡವಿಟ್. ಹೊಡೆದವಳು ಅಕ್ಕನ ಮಗಳು. ಮೂರು ಸಲವೂ ಬಾಯಲ್ಲಿ ಹೇಳಿಕೊಂಡೇ ಹೊಡೆದಳು. ಅಜ್ಜಿ ಮಾತ್ರ ಸಹಿ ಬರೋದಿಲ್ಲ ಅಂತ ಹೆಬ್ಬೆಟ್ಟು ಒತ್ತಿದಳು.