ಅರಾಮಿಕ್ ಅಂಕಿಗಳನ್ನು ಕಂಪ್ಯೂಟರಿಗೆ ಓದಿಸಿದ್ದು

ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಕ್ರಿಸ್ತಪೂರ್ವ 5ನೇ ಶತಮಾನದ ಅರಾಮಿಕ್ (ಪಶ್ಚಿಮ ಏಷ್ಯಾದ ಪ್ರಾಚೀನ ಭಾಷೆ) ಪಪೈರಸ್‌ಗಳಲ್ಲಿ ಸಾಲ, ಬೆಳ್ಳಿ, ಧಾನ್ಯದ ಲೆಕ್ಕ ಬೇಕಾದಷ್ಟಿದೆ. ಆ ಅಂಕಿಗಳನ್ನು ಟೈಪ್ ಮಾಡಿದರೆ ಪ್ರೋಗ್ರಾಂ ಅವುಗಳ ಬೆಲೆ, ಅಂದರೆ ಅದು ಯಾವ ಸಂಖ್ಯೆ ಎಂದು ಹೇಳಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಕೋಡ್ ಸಂಖ್ಯೆ ಕೊಡುವ ಪಟ್ಟಿ. 2009ರಲ್ಲಿ ಬಂದ ಅದರ 5.2ನೇ ಆವೃತ್ತಿಯಲ್ಲಿ ಈ ಲಿಪಿಗೆ ಜಾಗ ಸಿಕ್ಕಿತು. ಅಲ್ಲಿ ಅದರ ಹೆಸರು ಇಂಪೀರಿಯಲ್ ಅರಾಮಿಕ್. ಅಂಕಿಗಳು ಎಂಟೇ: 1, 2, 3, 10, 20, 100, 1000, 10000. ಸೊನ್ನೆ ಇಲ್ಲ. 4ರಿಂದ 9ಕ್ಕೆ ಬೇರೆ ಚಿಹ್ನೆಯೂ ಇಲ್ಲ. 1 ಅಂದರೆ ಒಂದು ಗೀಟು; ಗೀಟುಗಳನ್ನು ಮೂರು ಮೂರಾಗಿ ಗುಂಪು ಮಾಡುತ್ತಿದ್ದರು, ಹಾಗಾಗಿ 7 ಅಂದರೆ 3, 3, 1.

ನಾನು ಬಳಸಿದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್. ಅದರಲ್ಲಿ ಅಂಕಿಗಳನ್ನು ಸಂಖ್ಯೆಯಾಗಿ ಓದುವ 'ಇಂಟ್' ಫಂಕ್ಷನ್‌ಗೆ ನಮ್ಮ ೪೭ ಕೊಟ್ಟರೆ ಸಲೀಸಾಗಿ 47 ಅನ್ನುತ್ತದೆ. ಅರಾಮಿಕ್ ಅಂಕಿ ಕೊಟ್ಟರೆ ಎರರ್. ಇವುಗಳಿಗೆ ಸ್ಥಾನಬೆಲೆ ಇಲ್ಲವಲ್ಲ, ಅದು ಸರಿಯೇ. 'ನ್ಯೂಮರಿಕ್' ಫಂಕ್ಷನ್ ಮಾತ್ರ ಒಂದೊಂದು ಚಿಹ್ನೆಯ ಬೆಲೆ ಕೊಡುತ್ತದೆ. ಉಳಿದದ್ದು ನಾನೇ ಬರೆದೆ. ನೂರಕ್ಕಿಂತ ಸಣ್ಣವು ಬಂದರೆ ಕೂಡುತ್ತಾ ಹೋಗು. 100 ಅಥವಾ 1000 ಬಂದರೆ ಅಲ್ಲಿಯವರೆಗೆ ಕೂಡಿದ್ದರಿಂದ ಗುಣಿಸು, ಮೊತ್ತಕ್ಕೆ ಸೇರಿಸು, ಮತ್ತೆ ಸೊನ್ನೆಯಿಂದ ಶುರು ಮಾಡು. 3, 100, 20, 20, 3, 3, 1 ಕೊಟ್ಟೆ. 347 ಬಂತು!

ಪರದೆಯ ಮೇಲೆ ಇದು ಬಲದಿಂದ ಎಡಕ್ಕೆ ಕಾಣುತ್ತದೆ. ಅರಬ್ಬಿ, ಹೀಬ್ರೂ ಸಾಲುಗಳಲ್ಲಿ ಅಂಕಿಗಳು ಎಡದಿಂದ ಬಲಕ್ಕೇ ಸಾಗುತ್ತವೆ. ಇಲ್ಲಿ ಅಂಕಿಗಳೂ ಅಕ್ಷರಗಳ ಜೊತೆಗೇ ತಿರುಗುತ್ತವೆ. ಕನ್ನಡ ವಾಕ್ಯದ ನಡುವೆ ಹಾಕಿದರೆ ಕರ್ಸರ್ ಎಲ್ಲೆಲ್ಲೋ ಹಾರುತ್ತದೆ. ಕಣ್ಣಿಗೆ ಕಂಡದ್ದನ್ನು ನಂಬದೆ, ಸುಮ್ನೆ ಕೋಡ್ ಸಂಖ್ಯೆಗಳನ್ನು ಪ್ರಿಂಟ್ ಮಾಡಿ ನೋಡುವುದೇ ವಾಸಿ. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಅಂಕಿಗೂ ನಾಲ್ಕು ಬೈಟ್ ಬೇಕು, ಕನ್ನಡ ಅಕ್ಷರಕ್ಕೆ ಮೂರು. ಒಂದು ಅಕ್ಷರಕ್ಕೆ ಮೂರೇ ಬೈಟ್ ಹಿಡಿಯುವ ಹಳೆಯ ಡೇಟಾಬೇಸ್ ಟೇಬಲ್‌ಗಳಲ್ಲಿ ಇದು ಕೂರುವುದಿಲ್ಲ.

ಜಾಸ್ತಿ ಕಿರಿಕಿರಿ ಮಾಡಿದ್ದು ಹುಡುಕಾಟ. ಮೂರನ್ನು ಒಂದೇ ಚಿಹ್ನೆಯಾಗಿ ಟೈಪ್ ಮಾಡಬಹುದು, ಮೂರು ಸಲ 1 ಒತ್ತಿಯೂ ಬರೆಯಬಹುದು. ನೋಡಲು ಹೆಚ್ಚುಕಡಿಮೆ ಒಂದೇ, ಅಲ್ವಾ? ಯೂನಿಕೋಡ್‌ಗೆ ಮಾತ್ರ ಇವೆರಡೂ ಬೇರೆ ಬೇರೆ, ನಾರ್ಮಲೈಸ್ ಮಾಡಿದರೂ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದೇ ರೂಪಕ್ಕೆ ತಂದರೂ) ಒಂದಾಗುವುದಿಲ್ಲ. ಅದಕ್ಕೇ ನಾನು ಚಿಹ್ನೆ ಹೋಲಿಸುವುದು ಬಿಟ್ಟು, ಎರಡನ್ನೂ ಸಂಖ್ಯೆ ಮಾಡಿಕೊಂಡು ಬೆಲೆ ಹೋಲಿಸುತ್ತೇನೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಇದೇ ಮೂಲದ ನಬಟಿಯನ್ ಲಿಪಿಯಲ್ಲಿ 4ಕ್ಕೆ ಎರಡು ಚಿಹ್ನೆ ಇವೆ, ಒಂದು ಶಿಲುಬೆ ಆಕಾರದ್ದು. ಎರಡರ ಬೆಲೆಯೂ 4 ಎಂದೇ ಯೂನಿಕೋಡ್ ಪಟ್ಟಿಯಲ್ಲಿರುವುದರಿಂದ ಅದಕ್ಕಾಗಿ ಒಂದು ಸಾಲನ್ನೂ ಬದಲಿಸಬೇಕಾಗಲಿಲ್ಲ.